ಕುಂಚ, ಲೇಖನಿ, ಸೀಮೆಸುಣ್ಣ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಬಾರಿ ಬಂದ ಪತ್ರಗಳಲ್ಲಿ ಬಹುಪಾಲು, ಚಿತ್ರ ಬರೆಯುತ್ತ ಪಾಠವನ್ನೂ ಹೇಳುತ್ತ ನಡುನಡುವೆ ಲೇಖನಗಳನ್ನೂ ಬರೆಯುವವರ ಬದುಕು ಮತ್ತು ಕೆಲಸವನ್ನು ಕುರಿತೇ ಇವೆ. ಮೈಸೂರಿನಲ್ಲಿ ಬಹುಕಾಲ ಚಿತ್ರಕಲಾ ಮೇಷ್ಟ್ರಾಗಿದ್ದು ಈಗಲೂ ಕುಂಚ ಬಿಡದವನೆಂಬ ಕಾರಣಕ್ಕೆ ಸಂಪಾದಕರು ಅವುಗಳನ್ನು ನನಗೆ ಒಪ್ಪಿಸಿದ್ದಾರೆ. ಪತ್ರಗಳನ್ನು ಸ್ವಲ್ಪ ಸಂಕ್ಷೇಪಿಸಿದ್ದೇನೆ. ಬರೆದವರ ಕೋರಿಕೆಯಂತೆ ಹೆಸರುಗಳನ್ನು ಬಿಟ್ಟಿದ್ದೇನೆ.

ಪ್ರಶ್ನೆ: ಮಗಳು ದ್ವಿತೀಯ ಪಿಯುಸಿ ಮುಗಿಸಿದ್ದಾಳೆ. ಚಿತ್ರಕಲೆಯನ್ನೇ ಓದುತ್ತೇನೆಂದು ಹಟ ಹಿಡಿದಿದ್ದಾಳೆ. ಕಥೆ, ಲೇಖನ ಬರೆಯುವ ಅಭ್ಯಾಸವೂ ಇದೆ. "ಎಲ್ಲಾದರೂ ಪಾಠ ಹೇಳಿಕೊಂಡು ಚಿತ್ರ ಬರೆದುಕೊಂಡಿರುತ್ತೇನೆ, ನೀನು ಚಿಂತೆ ಮಾಡಬೇಡಮ್ಮ" ಎನ್ನುತ್ತಾಳೆ. ಚಿಂತೆ ಮಾಡದೆ ಇರುವುದು ಹೇಗೆ ಮೇಷ್ಟ್ರೇ?
(ಒಬ್ಬ ತಾಯಿ, ಕುವೆಂಪುನಗರ, ಮೈಸೂರು)

ಉತ್ತರ: ಚಿಂತೆ ಮಾಡಬೇಡಿ ಎಂದು ನಾನೂ ಹೇಳಲಾರೆನಮ್ಮ. ಆದರೆ ನಿಮ್ಮ ಮಗಳು ಹೇಳುತ್ತಿರುವುದು ಹೊಸ ದಾರಿಯೇನೂ ಅಲ್ಲ. ಅರಮನೆಯ ಆಶ್ರಯ ತೆಳುವಾಗುತ್ತ ಬಂದಂತೆ ನಮ್ಮ ನಾಡಿನ ಚಿತ್ರಕಾರರಲ್ಲಿ ಬಹಳ ಮಂದಿ ಪಾಠ ಹೇಳಿಯೇ ಬದುಕಿದರು. ಎ.ಎನ್. ಸುಬ್ಬರಾಯರು 1919ರಲ್ಲಿ ಬೆಂಗಳೂರಿನಲ್ಲಿ ಕಲಾಮಂದಿರ ಎಂಬ ಕಲಾಶಾಲೆಯನ್ನು ಕಟ್ಟಿದರು, ಆರ್.ಎಂ. ಹಡಪದರು ಕೆನ್ ಕಲಾಶಾಲೆಯಲ್ಲಿ ಒಂದು ಇಡೀ ಪೀಳಿಗೆಯನ್ನು ಬೆಳೆಸಿದರು. ಉಡುಪಿಯ ಬಳಿಯ ಕಟ್ಟಿಂಗೇರಿಯಿಂದ ಹೊರಟ ಕೆ.ಕೆ. ಹೆಬ್ಬಾರರು ನಮ್ಮ ಮೈಸೂರಿನ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಯಲ್ಲಿ ಕೆಲಕಾಲ ಕಲಿತು, ಮುಂಬಯಿಯ ಜೆ.ಜೆ. ಕಲಾಶಾಲೆಗೆ ಹೋಗಿ, ಅಲ್ಲಿಯೇ 1940ರಿಂದ 1945ರವರೆಗೆ ಅಧ್ಯಾಪಕರಾಗಿದ್ದರು. ಅವರ ರೇಖಾಚಿತ್ರಗಳ ಪುಸ್ತಕ 1964ರಲ್ಲಿ ಬಂತು. ಕುಂಚ, ಪಾಠ, ಪುಸ್ತಕ ಮೂರೂ ಒಬ್ಬರಲ್ಲಿಯೇ ಕೂಡಿದ್ದಕ್ಕೆ ದೂರದ ಉದಾಹರಣೆಗಳನ್ನು ಹುಡುಕಬೇಕಾಗಿಲ್ಲ.

ಇನ್ನೊಂದು ಬಗೆಯ ಬದುಕೂ ಇದೆ. ದೊಡ್ಡಬಳ್ಳಾಪುರದ ರುಮಾಲೆ ಚನ್ನಬಸವಯ್ಯನವರು ಇದೇ ತಾಂತ್ರಿಕ ಸಂಸ್ಥೆಯಲ್ಲಿ ಕಲಿತವರು. ಸ್ವಾತಂತ್ರ್ಯ ಹೋರಾಟಕ್ಕೆ ಇಳಿದರು, 'ತಾಯಿನಾಡು' ಪತ್ರಿಕೆಯ ಸಂಪಾದಕರಾದರು, ವಿಧಾನ ಪರಿಷತ್ತಿನಲ್ಲಿ ಕುಳಿತರು. ಕುಂಚಕ್ಕೆ ಪೂರ್ತಿಯಾಗಿ ಮರಳಲು ಅವರಿಗೆ ಸಾಧ್ಯವಾದದ್ದು 1960ರ ದಶಕದಲ್ಲಿ, ಸಾರ್ವಜನಿಕ ಜೀವನದಿಂದ ಹಿಂದೆ ಸರಿದ ಮೇಲೆ. ಬೆಂಗಳೂರಿನ ಹೂಮರಗಳನ್ನು ಅವರು ಬರೆದಂತೆ ಇನ್ನೊಬ್ಬರು ಬರೆದಿಲ್ಲವೆಂಬುದು ನನ್ನ ಅಭಿಪ್ರಾಯ. ಆದರೆ ನಡುವೆ ಕಳೆದುಹೋದ ವರ್ಷಗಳಲ್ಲಿ ಅವರು ಏನೆಲ್ಲ ಬರೆಯಬಹುದಿತ್ತೆಂಬ ಯೋಚನೆ ಬಾರದೆ ಇರದು. ಪಾಠ ಹೇಳುವ ಕೆಲಸಕ್ಕಿರುವ ಅನುಕೂಲ ಇಲ್ಲಿಯೇ ಕಾಣುತ್ತದೆ. ಪತ್ರಿಕೆಯೂ ರಾಜಕೀಯವೂ ಮನುಷ್ಯನನ್ನು ಬಣ್ಣದಿಂದ ದೂರ ಒಯ್ಯುತ್ತವೆ. ತರಗತಿಯಾದರೋ ದಿನವೂ ಕಾಗದ ಪೆನ್ಸಿಲಿನ ಎದುರಿಗೆ ತಂದು ನಿಲ್ಲಿಸುತ್ತದೆ.

ಹಣದ ಮಾತನ್ನು ಮುಚ್ಚಿಡುವುದು ಬೇಡ. ಚಿತ್ರ ಮಾರಿ ಬರುವ ಹಣಕ್ಕೆ ತಿಂಗಳು, ತಾರೀಖು ಇಲ್ಲ. ಕನ್ನಡ ಪತ್ರಿಕೆಗಳಿಗೆ ಕಲೆಯ ಬಗ್ಗೆ ಬರೆದು ಬರುವ ಸಂಭಾವನೆ ಬಣ್ಣದ ಟ್ಯೂಬುಗಳಿಗೂ ಸಾಲದು. ಮನೆ ನಡೆಸುವುದು ಸಂಬಳವೇ. ಆದ್ದರಿಂದ ಅವಳಿಗೆ ಪಾಠ ಹೇಳುವುದು ನಿಜವಾಗಿಯೂ ಹಿಡಿಸುತ್ತದೆಯೇ ಎಂಬುದನ್ನು ಮೊದಲು ನೋಡಬೇಕು. ಈ ಬೇಸಿಗೆ ರಜೆಯಲ್ಲಿ ನಿಮ್ಮ ಬೀದಿಯ ಮಕ್ಕಳನ್ನು ವರಾಂಡದಲ್ಲಿ ಕೂರಿಸಿಕೊಂಡು ಚಿತ್ರ ಹೇಳಿಕೊಡಲಿ. ರಜೆ ಮುಗಿಯುವ ಹೊತ್ತಿಗೆ ಮಕ್ಕಳ ಚಿತ್ರಗಳ ಬಗ್ಗೆ ಅವಳು ಊಟದ ಹೊತ್ತಿನಲ್ಲಿ ನಿಮ್ಮೊಡನೆ ಮಾತನಾಡುತ್ತಿದ್ದರೆ ಕಳುಹಿಸಿ. ಮಕ್ಕಳ ಗಲಾಟೆಯ ಬಗ್ಗೆ ಮಾತ್ರ ಮಾತನಾಡುತ್ತಿದ್ದರೆ ಅನ್ವಯಿಕ ಕಲೆ, ಛಾಯಾಚಿತ್ರಗಳ ಕಡೆಗೆ ಯೋಚಿಸುವುದು ಒಳ್ಳೆಯದು. ಪಾಠ ಹಿಡಿಸದೆ ಸಂಬಳಕ್ಕಾಗಿ ತರಗತಿಗೆ ಹೋಗುವ ಚಿತ್ರಕಾರರು ಮನೆಗೆ ಬಂದು ಕುಂಚವನ್ನೂ ಹಿಡಿಯುವುದಿಲ್ಲ. ಓದಲು ದೂರ ಹೋಗಬೇಕಾಗಿಲ್ಲ. ಸಿದ್ಧಾರ್ಥನಗರದಲ್ಲಿರುವ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿ, ಎಂದರೆ ಊರಿನವರೆಲ್ಲ 'ಕಾವಾ' ಎಂದು ಕರೆಯುವ ಕಾಲೇಜು, ನಾಲ್ಕು ವರ್ಷದ ಬಿ.ವಿ.ಎ., ಎಂದರೆ ದೃಶ್ಯಕಲಾ ಪದವಿಯನ್ನು ಕೊಡುತ್ತದೆ. ಒಂದು ಹಗಲು ಅವಳ ಜೊತೆಯಲ್ಲಿ ನೀವೂ ಹೋಗಿ ಸ್ಟುಡಿಯೋಗಳನ್ನು ನೋಡಿಕೊಂಡು ಬನ್ನಿ.

ಪ್ರಶ್ನೆ: ನಾನು ಪ್ರೌಢಶಾಲೆಯ ಚಿತ್ರಕಲಾ ಶಿಕ್ಷಕ. ಶಾಲೆ ಮುಗಿಸಿ ಬಂದು ರಾತ್ರಿ ಊಟವಾದ ಮೇಲೆ ಬಣ್ಣ ಹಚ್ಚಲು ಕೂರುತ್ತೇನೆ. ರಾತ್ರಿ ಚೆನ್ನಾಗಿ ಕಂಡದ್ದು ಬೆಳಿಗ್ಗೆ ನೋಡಿದರೆ ಹಳದಿಯೋ ಹಳದಿ. ಲೇಖನ ಬರೆಯುವ ಆಸೆಯೂ ಇದೆ, ಸಮಯ ಸಿಗುವುದಿಲ್ಲ. ಮೂರು ಕೆಲಸಗಳನ್ನೂ ಹೇಗೆ ಹೊಂದಿಸುವುದು?
(ಮಳವಳ್ಳಿ ತಾಲ್ಲೂಕಿನ ಶಿಕ್ಷಕರು)

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆಗಳಿವೆ ಎಂದು ನೀವು ತಿಳಿದಿದ್ದೀರಿ, ಇರುವುದು ಒಂದೇ. ಹಳದಿ ಬೆಳಕಿನ ದೀಪದ ಕೆಳಗೆ ಬಿಳಿಯ ಕಾಗದವೂ ಹಳದಿಯಾಗಿಯೇ ಇರುವುದರಿಂದ, ನೀವು ಹಚ್ಚಿದ ತೆಳು ಹಳದಿ ಕಣ್ಣಿಗೆ ಬೀಳುವುದಿಲ್ಲ. ಸಾಲದೆಂದು ಮತ್ತೆ ಹಚ್ಚುತ್ತೀರಿ. ನೀಲಿ ಆ ಬೆಳಕಿನಲ್ಲಿ ಮಂಕಾಗಿ ಕಪ್ಪಿನ ಕಡೆಗೆ ವಾಲುವುದರಿಂದ ಅದಕ್ಕೆ ನೀರು ಹೆಚ್ಚು ಬೆರೆಸುತ್ತೀರಿ. ಬೆಳಗಿನ ಬಿಸಿಲಿನಲ್ಲಿ ಎರಡೂ ತಪ್ಪುಗಳು ಒಟ್ಟಿಗೆ ಎದ್ದು ನಿಲ್ಲುತ್ತವೆ. ಹಗಲಿನ ಬಣ್ಣದ ಎಲ್‌ಇಡಿ ದೀಪ ಹಾಕಿಸಿಕೊಂಡರೆ ಸ್ವಲ್ಪ ಸುಧಾರಿಸೀತು, ಆದರೆ ಜಲವರ್ಣಕ್ಕೆ ಹಗಲೇ ಬೇಕು. ಬರವಣಿಗೆಗೆ ಹಗಲು ಬೇಕಾಗಿಲ್ಲ. ಶಾಲೆಗೆ ಹೋಗುವ ಮೊದಲು ಸಿಗುವ ಬೆಳಗಿನ ಹೊತ್ತನ್ನು ಬಣ್ಣಕ್ಕೆ ಬಿಡಿ. ಭಾನುವಾರದ ಬೆಳಿಗ್ಗೆಯಂತೂ ಮದುವೆಗೂ ಹೋಗದೆ ಕಾಯ್ದುಕೊಳ್ಳಬೇಕಾದದ್ದು. ರಾತ್ರಿಯಲ್ಲಿ ಲೇಖನ ಬರೆಯಿರಿ, ಕಾಗದವನ್ನು ನೆನೆಸಿ ಹಲಗೆಗೆ ಬಿಗಿಯಿರಿ, ಇದ್ದಿಲಿನಲ್ಲಿ ರೇಖಾಭ್ಯಾಸ ಮಾಡಿರಿ.

ಬೆಳಕಿನ ಮಾತು ಬಂದದ್ದರಿಂದ ಇನ್ನೊಂದು ವಿಷಯ. ಚಿತ್ರಶಾಲೆಗೆ ಉತ್ತರದ ಕಿಟಕಿ ಇರಬೇಕು, ಅಲ್ಲಿಂದ ನೇರ ಬಿಸಿಲು ಬಾರದೆ ದಿನವಿಡೀ ಒಂದೇ ಹದದ ಬೆಳಕು ಬರುತ್ತದೆ ಎಂದು ಯುರೋಪಿನ ಪುಸ್ತಕಗಳಲ್ಲಿ ಓದಿ ನಾವೂ ಮಕ್ಕಳಿಗೆ ಹೇಳುತ್ತೇವೆ. ಅದು ಲಂಡನ್ನು, ಪ್ಯಾರಿಸ್ಸುಗಳ ಲೆಕ್ಕ. ಮೈಸೂರು, ಮಂಡ್ಯಗಳಿರುವುದು ಸುಮಾರು ಹನ್ನೆರಡೂವರೆ ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುಭಾಗದವರೆಗೆ ನಡುಹಗಲಿನ ಸೂರ್ಯ ನಮ್ಮ ನೆತ್ತಿಯಿಂದ ಉತ್ತರಕ್ಕೇ ಇರುತ್ತಾನೆ. ಆ ತಿಂಗಳುಗಳಲ್ಲಿ ಉತ್ತರದ ಕಿಟಕಿಗೂ ಬಿಸಿಲು ತಾಗುತ್ತದೆ. ಒಂದು ತೆಳು ಬಿಳಿಯ ಪರದೆ ಕಟ್ಟಿಕೊಳ್ಳಿ. ಪುಸ್ತಕದ ಮಾತನ್ನು ತರಗತಿಯಲ್ಲಿ ಒಪ್ಪಿಸುವ ಮೊದಲು ನಮ್ಮ ಕಿಟಕಿಯ ಎದುರಿಗೆ ಒಮ್ಮೆ ನಿಂತು ನೋಡುವ ಅಭ್ಯಾಸ ಮೇಷ್ಟ್ರುಗಳಿಗೆ ಇರಬೇಕು.

ಪ್ರಶ್ನೆ: ಕಾಲೇಜಿನಲ್ಲಿ ದರಿಯಾ ದೌಲತ್ ಭಿತ್ತಿಚಿತ್ರಗಳ ಮೇಲೆ ಪ್ರಬಂಧ ಬರೆಯಲು ಹೇಳಿದ್ದಾರೆ. ನಮ್ಮೂರಿನದೇ ಆದರೂ ಬರೆಯಲು ಕುಳಿತರೆ 'ಅದ್ಭುತ', 'ಮನಮೋಹಕ', 'ಕಣ್ಮನ ಸೆಳೆಯುವ' ಎಂಬುದನ್ನು ಬಿಟ್ಟು ಬೇರೆ ಮಾತು ತೋಚುವುದಿಲ್ಲ. ಬರೆದ ಒಂದು ಪುಟವನ್ನು ಜೊತೆಗಿಟ್ಟಿದ್ದೇನೆ. ಚಿತ್ರದ ಬಗ್ಗೆ ಬರೆಯುವುದನ್ನು ಎಲ್ಲಿಂದ ಕಲಿಯಲಿ ಸರ್?
(ವಿದ್ಯಾರ್ಥಿನಿ, ಶ್ರೀರಂಗಪಟ್ಟಣ)

ಉತ್ತರ: ನಿಮ್ಮ ಪುಟವನ್ನು ಓದಿದೆನಮ್ಮ. ಅಕ್ಷರ ಚೆನ್ನಾಗಿದೆ, ತಪ್ಪುಗಳಿಲ್ಲ. ಆದರೆ ದರಿಯಾ ದೌಲತ್ತನ್ನು ಕಾಣದವರೊಬ್ಬರು ಅದನ್ನು ಓದಿ ಮುಗಿಸಿದರೆ, ಆ ಗೋಡೆಯ ಮೇಲಿರುವುದು ಕುದುರೆಗಳೋ ದೇವತೆಗಳೋ ಎಂಬುದು ಅವರಿಗೆ ತಿಳಿಯುವುದಿಲ್ಲ. ಹೊಗಳಿಕೆಯ ಮಾತುಗಳನ್ನೆಲ್ಲ ಹೊಡೆದುಹಾಕಿ, ಕಂಡದ್ದನ್ನು ಮಾತ್ರ ಬರೆಯುತ್ತ ಹೋಗಿ. ಗೋಡೆಯ ಎದುರಿಗೆ ನಿಂತು ಬರೆಯಬೇಕು. ಮೊಬೈಲಿನ ಫೋಟೋ ನೋಡಿಕೊಂಡು ಮನೆಯಲ್ಲಿ ಬರೆದರೆ ಮತ್ತೆ 'ಮನಮೋಹಕ'ವೇ ಬರುತ್ತದೆ.

ನಾನಾದರೆ ಹೀಗೆ ತೊಡಗುತ್ತೇನೆ. ಟಿಪ್ಪು ಸುಲ್ತಾನನು 1784ರಲ್ಲಿ ಕಟ್ಟಿಸಿದ, ಹೆಚ್ಚಾಗಿ ತೇಗದ ಮರದ ಈ ಬೇಸಿಗೆ ಅರಮನೆಯ ಪಶ್ಚಿಮದ ಗೋಡೆಯಲ್ಲಿ, ಕಾಂಚೀಪುರದ ಬಳಿಯ ಪೊಳ್ಳಿಲೂರಿನಲ್ಲಿ 1780ರ ಸೆಪ್ಟೆಂಬರಿನಲ್ಲಿ ನಡೆದ ಕಾಳಗವಿದೆ. ಹೈದರ್ ಮತ್ತು ಟಿಪ್ಪುವಿನ ಸೇನೆ ಬ್ರಿಟಿಷರ ಕರ್ನಲ್ ಬೈಲಿಯ ಪಡೆಯನ್ನು ಸುತ್ತುವರಿದಿದೆ. ಕೆಂಪು ಕೋಟಿನ ಸಿಪಾಯಿಗಳು ಚೌಕದ ವ್ಯೂಹ ಕಟ್ಟಿ ನಿಂತಿದ್ದಾರೆ. ಅವರ ನಡುವೆ ಗಾಯಗೊಂಡ ಬೈಲಿ ಪಲ್ಲಕ್ಕಿಯಲ್ಲಿದ್ದಾನೆ. ಮದ್ದುಗುಂಡಿನ ಬಂಡಿ ಸಿಡಿದು ಬೆಂಕಿ ಎದ್ದಿದೆ. ಮೈಸೂರಿನ ಕುದುರೆ ಸವಾರರು ನುಗ್ಗಿ ಬರುತ್ತಿದ್ದಾರೆ. ಇಷ್ಟೆಲ್ಲ ಕೋಲಾಹಲದ ನಡುವೆ ಟಿಪ್ಪುವಿನ ಕೈಯಲ್ಲಿ ಹೂವಿದೆ. ಇಷ್ಟನ್ನು ಬರೆದರೆ ಓದುಗರು ಗೋಡೆಯ ಎದುರಿಗೆ ಬಂದು ನಿಲ್ಲುತ್ತಾರೆ.

ಅನಂತರ ಚಿತ್ರಕಾರ ಏನು ಮಾಡಿದ್ದಾನೆಂದು ಕೇಳಿಕೊಳ್ಳಿ; ಯುದ್ಧದಲ್ಲಿ ಏನಾಯಿತೆಂಬುದು ಇತಿಹಾಸದ ಪುಸ್ತಕದಲ್ಲಿ ಸಿಗುತ್ತದೆ. ಸೋಲುವವರನ್ನು ಅವನು ಅಚ್ಚೊತ್ತಿದಂತೆ ಒಂದೇ ನಿಲುವಿನಲ್ಲಿ ಸಾಲಾಗಿ ನಿಲ್ಲಿಸಿದ್ದಾನೆ. ದೂರದವರು ಚಿಕ್ಕವರು, ಹತ್ತಿರದವರು ದೊಡ್ಡವರು ಎಂಬ ಲೆಕ್ಕವನ್ನು ಬಿಟ್ಟು, ಹಿಂದಿನ ಸಾಲನ್ನು ಮುಂದಿನ ಸಾಲಿನ ಮೇಲಕ್ಕೆ ಏರಿಸುತ್ತ ಹೋಗಿದ್ದಾನೆ. ಹಾಗೆ ಮಾಡಿದ್ದರಿಂದಲೇ ಅಷ್ಟೊಂದು ಸಾವಿರ ಜನ ಒಂದು ಗೋಡೆಯಲ್ಲಿ ಹಿಡಿದಿದ್ದಾರೆ. ನಿಮ್ಮ ಕಣ್ಣು ಮೊದಲು ಎಲ್ಲಿಗೆ ಹೋಯಿತು, ಅಲ್ಲಿಂದ ಎತ್ತ ಸಾಗಿತು, ಎಲ್ಲಿ ತಡೆಯಿತು ಎಂಬುದನ್ನು ಒಂದು ಪ್ಯಾರಾದಲ್ಲಿ ಬರೆಯಿರಿ. ಅದನ್ನು ನಿಮಗಾಗಿ ಬೇರೆ ಯಾರೂ ಬರೆದಿಟ್ಟಿರುವುದಿಲ್ಲ.

ಇನ್ನೊಂದು ಎಚ್ಚರಿಕೆ ಅಗತ್ಯ. ನಿಮ್ಮ ಪುಟದಲ್ಲಿ 'ಟಿಪ್ಪುವಿನ ಕಾಲದ ಬಣ್ಣಗಳು ಇಂದಿಗೂ ಮಾಸಿಲ್ಲ' ಎಂಬ ವಾಕ್ಯವಿದೆ. ಅದನ್ನು ತೆಗೆದುಬಿಡಿ. ಟಿಪ್ಪು ಮಡಿದ 1799ರ ನಂತರ ಆ ಅರಮನೆಯಲ್ಲಿ ವಾಸವಿದ್ದ ಬ್ರಿಟಿಷ್ ಸೇನೆಯ ಕರ್ನಲ್ ವೆಲ್ಲೆಸ್ಲಿ ಚಿತ್ರಗಳನ್ನು ಸರಿಪಡಿಸಿದ್ದನು. ಮುಂದೆ ಗವರ್ನರ್ ಜನರಲ್ ಡಾಲ್‌ಹೌಸಿಯ ಕಾಲದಲ್ಲಿ, ಮೂಲಚಿತ್ರ ನೆನಪಿದ್ದ ಇಲ್ಲಿನ ಕಲಾವಿದನೊಬ್ಬನಿಂದ ಅವುಗಳನ್ನು ಮತ್ತೆ ಬರೆಸಲಾಯಿತು. ಆದ್ದರಿಂದ ಈ ಗೋಡೆಯಲ್ಲಿ ಒಂದಕ್ಕಿಂತ ಹೆಚ್ಚು ಕಾಲದ ಕೈಗಳಿವೆ, ಅವುಗಳಲ್ಲಿ ಒಂದು ನೆನಪಿನಿಂದ ಬರೆದ ಕೈ. ಪ್ರಬಂಧಕ್ಕೆ ಇದಕ್ಕಿಂತ ಒಳ್ಳೆಯ ವಿಷಯ ಬೇಕೇ? ಬಿಸಿಲು ತಾಗದಂತೆ ಕಂಬಗಳ ನಡುವೆ ಇಳಿಬಿಟ್ಟಿರುವ ಹಸಿರು ಪರದೆಗಳನ್ನೂ ಗಮನಿಸಿ. ಒಳಗಿನ ಬೆಳಕು ಅದರಿಂದ ಸ್ವಲ್ಪ ಮಂಕಾಗಿರುತ್ತದೆ. ಕೆಂಪು ಎಷ್ಟು ಕೆಂಪೆಂದು ನಿರ್ಧರಿಸುವ ಮೊದಲು ಕಣ್ಣು ಹೊಂದಿಕೊಳ್ಳಲು ಬಿಡಿ.

ಪ್ರಶ್ನೆ: ನಮ್ಮ ಕಡೆಯ ಗದ್ದೆ, ಕಬ್ಬಿನ ತೋಟಗಳನ್ನು ಜಲವರ್ಣದಲ್ಲಿ ಬರೆಯುತ್ತೇನೆ. ಎಲ್ಲವೂ ಪ್ಲಾಸ್ಟಿಕ್ ಹಸಿರಾಗಿ ಕಾಣುತ್ತದೆ. ಮಂಡ್ಯದ ಹಸಿರನ್ನು ಹಿಡಿಯುವುದು ಹೇಗೆ?
(ಓದುಗರು, ಮದ್ದೂರು)

ಉತ್ತರ: ನಿಮ್ಮ ಪೆಟ್ಟಿಗೆಯಲ್ಲಿರುವ ಹಸಿರು ಟ್ಯೂಬನ್ನು ಒಂದು ವರ್ಷ ಯಾರಿಗಾದರೂ ಕೊಟ್ಟುಬಿಡಿ. ಟ್ಯೂಬಿನಿಂದ ನೇರವಾಗಿ ಬಂದ ಹಸಿರು ಯಾವ ಗಿಡದ್ದೂ ಅಲ್ಲ. ನಿಂಬೆ ಹಳದಿ ಅಥವಾ ಗ್ಯಾಂಬೋಜ್ ಹಳದಿಗೆ ಅಲ್ಟ್ರಾಮರೀನ್ ನೀಲಿಯನ್ನು ಬೆರೆಸಿದರೆ ಒಂದು ಹಸಿರು, ಪ್ರಶ್ಯನ್ ನೀಲಿಯನ್ನು ಬೆರೆಸಿದರೆ ಇನ್ನೊಂದು ಹಸಿರು. ಎರಡಕ್ಕೂ ಚಿಟಿಕೆ ಬರ್ಂಟ್ ಸಿಯೆನ್ನಾ ಎಂಬ ಕೆಂಗಂದು ಬಣ್ಣ ಸೇರಿಸಿದರೆ ಮಣ್ಣಿನ ಮೇಲೆ ನಿಂತ ಹಸಿರು ಸಿಗುತ್ತದೆ. ಒಟ್ಟಲಿನ ಭತ್ತದ ಪೈರಿನಲ್ಲಿ ಹಳದಿ ಮುಕ್ಕಾಲು ಪಾಲು. ನಾಟಿಯಾದ ಗದ್ದೆಯಲ್ಲಿ ಪೈರಿಗಿಂತ ನೀರು, ನೀರಿಗಿಂತ ನೀರಿನಲ್ಲಿ ಬಿದ್ದ ಆಕಾಶ ಹೆಚ್ಚು. ಕಬ್ಬಿನ ಗರಿಯ ಮೇಲುಗಡೆ ಬಿಸಿಲು ಬಿದ್ದಾಗ ಅದು ಬೂದುಮಿಶ್ರಿತ ನೀಲಿಯಾಗಿ ಹೊಳೆಯುತ್ತದೆ. ಬಿಸಿಲು ಗರಿಯ ಹಿಂದಿನಿಂದ ಬಂದಾಗ ಮಾತ್ರ ಅದು ಉರಿಯುವ ಹಳದಿ ಹಸಿರು. ದೂರ ಹೋದಂತೆ ಹಸಿರಿನಲ್ಲಿ ನೀಲಿ ಹೆಚ್ಚಿಸಿ, ಕಾವು ಕಡಿಮೆ ಮಾಡಿ. ಒಂದು ಹಾಳೆಯಲ್ಲಿ ಐದಾರು ಹಸಿರುಗಳನ್ನು ಪಟ್ಟಿಯಾಗಿ ಹಚ್ಚಿಕೊಂಡು, ಯಾವ ಹೊಲ, ಯಾವ ಹೊತ್ತು ಎಂದು ಪಕ್ಕದಲ್ಲಿ ಬರೆದಿಟ್ಟುಕೊಳ್ಳಿ.

ನೀವು ಬರೆಯುತ್ತಿರುವ ಈ ಹಸಿರು ಹಳೆಯದಲ್ಲವೆಂಬುದು ನೆನಪಿರಲಿ. ಹಳೆಯ ನಾಲೆ, ಕೆರೆಗಳ ಆಸುಪಾಸನ್ನು ಬಿಟ್ಟರೆ ಮಂಡ್ಯದ ನೆಲ ರಾಗಿಯ ನೆಲವಾಗಿತ್ತು. ಕೃಷ್ಣರಾಜಸಾಗರದ ನೀರು ಇಂದು ವಿಶ್ವೇಶ್ವರಯ್ಯ ನಾಲೆ ಎನ್ನುವ ಅಂದಿನ ಇರ್ವಿನ್ ನಾಲೆಯಲ್ಲಿ ಹರಿದು ಬಂದದ್ದು, ಮಂಡ್ಯದ ಸಕ್ಕರೆ ಕಂಪನಿ ಹುಟ್ಟಿದ್ದು, ಎಲ್ಲವೂ 1930ರ ದಶಕದ ಸಂಗತಿ. ಹಿಂದಿನ ಮೈಸೂರು ಶೈಲಿಯ ಚಿತ್ರಗಾರರು ಹಸಿರನ್ನು ರಾಮನ ಮೈಗೋ ಸೀರೆಗೋ ಗಿಳಿಗೋ ಬಳಸಿದರೇ ಹೊರತು, ದಿಗಂತದವರೆಗೆ ಹಬ್ಬಿದ ಕಬ್ಬಿಗೆ ಬಳಸಲಿಲ್ಲ. ಆದ್ದರಿಂದ ಇದನ್ನು ಬರೆಯುವ ಮಾದರಿ ನಿಮಗೆ ಹಳೆಯ ಚಿತ್ರಗಳಲ್ಲಿ ಸಿಗುವುದಿಲ್ಲ. ನಾಲೆಯ ಏರಿಯ ಮೇಲೆಯೇ ಹುಡುಕಬೇಕು. ಅಂದಹಾಗೆ ಅವರು ಬಳಸುತ್ತಿದ್ದ 'ಮಕ್ಕಿ' ಎಂಬ ಹಳದಿಯೂ ನಿಮ್ಮ ಗ್ಯಾಂಬೋಜೂ ಒಂದೇ ಕುಟುಂಬದವು: ಮುರುಗಲಿನ ಕುಲಕ್ಕೆ ಸೇರಿದ ಮರದ ಅಂಟು. ಚಿನ್ನದ ರೇಕಿನ ಕೆಳಗೆ ಉಬ್ಬುಗೆಲಸ ಮಾಡಲು ಸಫೇದ ಎಂಬ ಬಿಳಿಯ ಪುಡಿಯೊಡನೆ ಅದನ್ನು ಅರೆದು ಬಳಸುತ್ತಿದ್ದರು. ಈಗ ಗ್ಯಾಂಬೋಜ್ ಎಂದು ಮಾರುವ ಟ್ಯೂಬುಗಳಲ್ಲಿ ಬಹಳಷ್ಟು ಕಾರ್ಖಾನೆಯ ಬಣ್ಣ. ಚಿತ್ರ ಬಿಸಿಲಿಗೆ ಮಾಸದಿರಲಿ ಎಂಬುವವರಿಗೆ ಅದೇ ಒಳ್ಳೆಯದು.

ಪ್ರಶ್ನೆ: ವಿದ್ಯಾರ್ಥಿಯ ಚಿತ್ರವನ್ನು ಅವನ ಹಾಳೆಯ ಮೇಲೆಯೇ ತಿದ್ದಬಹುದೇ? ತಿದ್ದದಿದ್ದರೆ ಪೋಷಕರು 'ಮೇಷ್ಟ್ರು ಏನೂ ಹೇಳಿಕೊಡಲಿಲ್ಲ' ಎನ್ನುತ್ತಾರೆ.
(ಚಿತ್ರಕಲಾ ಶಿಕ್ಷಕಿ, ನಂಜನಗೂಡು)

ಉತ್ತರ: ಕೂಡದು. ಹೇಳಬೇಕಾದದ್ದನ್ನು ಬೇರೆ ಹಾಳೆಯಲ್ಲಿ ಬರೆದು ತೋರಿಸಿ. ಅವನ ಹಾಳೆ ಅವನದು.

ಈ ವಿಷಯದಲ್ಲಿ ದೊಡ್ಡ ಗುರುವೊಬ್ಬರು ಪಟ್ಟ ಸಂಕಟವನ್ನು ಹೇಳುತ್ತೇನೆ. ಕಲ್ಕತ್ತೆಯ ಸರ್ಕಾರಿ ಕಲಾಶಾಲೆಯಲ್ಲಿ ಅವನೀಂದ್ರನಾಥ ಠಾಕೂರರು ಪಾಠ ಹೇಳುತ್ತಿದ್ದರು. ಬಂಗಾಳಿಯಲ್ಲಿ ಮಕ್ಕಳಿಗಾಗಿ ಕಥೆಗಳನ್ನು ಬರೆದು ಹೆಸರಾದವರೂ ಅವರೇ. ಅವರ ಶಿಷ್ಯ ನಂದಲಾಲ್ ಬೋಸ್ ತಪಸ್ಸಿನಲ್ಲಿರುವ ಉಮೆಯ ಚಿತ್ರವನ್ನು ಬರೆದು ತಂದು ತೋರಿಸಿದರು. ಬಣ್ಣ ಬಹಳ ಕಡಿಮೆಯಾಯಿತು, ಸ್ವಲ್ಪ ಸಿಂಗರಿಸು ಎಂದು ಗುರುಗಳು ಹೇಳಿ ಕಳುಹಿಸಿದರು. ರಾತ್ರಿಯೆಲ್ಲ ಅವರಿಗೆ ನಿದ್ರೆ ಬರಲಿಲ್ಲ. ತಪಸ್ಸಿಗೆ ಕುಳಿತವಳಿಗೆ ಸಿಂಗಾರವೆಲ್ಲಿಂದ ಬಂತು, ನಂದಲಾಲ್ ಕಂಡ ಉಮೆಯೇ ಸರಿ ಎನ್ನಿಸಿತು. ಬೆಳಗಾಗುತ್ತಲೇ ಶಿಷ್ಯನ ಬಳಿಗೆ ಓಡಿದರು. ನಂದಲಾಲರು ಬಣ್ಣ ಹಚ್ಚಲು ಕುಂಚ ಎತ್ತುವುದರಲ್ಲಿದ್ದರು. ಚಿತ್ರ ಉಳಿಯಿತು. ಅದೇ ಗುರುವಿನ ಬಳಿಗೆ ನಮ್ಮ ಮೈಸೂರಿನ ಕೆ. ವೆಂಕಟಪ್ಪನವರು 1909ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ನೆರವಿನಿಂದ ಹೋಗಿ ಸೇರಿದರು. ನಂದಲಾಲರ ರೇಖೆಯೂ ವೆಂಕಟಪ್ಪನವರ ರೇಖೆಯೂ ಗುರುವಿನ ಮಂಜುಮಂಜಾದ ವಾಶ್ (ನೀರಾದ ತೆಳುಬಣ್ಣದ ಲೇಪ) ಚಿತ್ರಗಳಂತಿಲ್ಲ. ಒಬ್ಬರದು ಇನ್ನೊಬ್ಬರಂತೆಯೂ ಇಲ್ಲ. ಶಿಷ್ಯರ ಹಾಳೆಯಿಂದ ಗುರು ಕೈ ಹಿಂತೆಗೆದುಕೊಂಡದ್ದರ ಫಲವದು ಎಂದು ನಾನು ತಿಳಿದಿದ್ದೇನೆ.

ಪೋಷಕರಿಗೆ ತೋರಿಸಲು ಬೇಕಾದದ್ದು ತಿದ್ದಿದ ಚಿತ್ರವಲ್ಲ. ಮಗು ಜೂನ್ ತಿಂಗಳಲ್ಲಿ ಬರೆದ ಹಾಳೆಯನ್ನೂ ಡಿಸೆಂ­ಬರಿನಲ್ಲಿ ಬರೆದ ಹಾಳೆಯನ್ನೂ ಅಕ್ಕಪಕ್ಕ ಇಡಿ. ಸಾಧ್ಯವಾದರೆ ಮಕ್ಕಳನ್ನು ಜಗನ್ಮೋಹನ ಅರಮನೆಯ ಚಿತ್ರಶಾಲೆಗೆ ಕರೆದುಕೊಂಡು ಬನ್ನಿ. ದೀಪ ಹಿಡಿದ ಹೆಣ್ಣಿನ ಚಿತ್ರದ ಎದುರಿಗೆ ಎಲ್ಲರೂ ನಿಲ್ಲುತ್ತಾರೆ. ರವಿವರ್ಮನ ತೈಲಚಿತ್ರವೆಂದು ತಿಳಿದು ಹೋಗುವವರೇ ಹೆಚ್ಚು. ಅದು ಎಸ್.ಎಲ್. ಹಲ್ದಂಕರರ ಜಲವರ್ಣ, ಮಗಳು ಗೀತಾಳನ್ನು ನಿಲ್ಲಿಸಿಕೊಂಡು 1940ರ ದಶಕದಲ್ಲಿ ಬರೆದದ್ದು. ಹಲ್ದಂಕರರೂ ಮುಂಬಯಿಯಲ್ಲಿ ತಮ್ಮದೇ ಕಲಾಶಾಲೆಯನ್ನು ನಡೆಸಿದ ಮೇಷ್ಟ್ರೇ. 'ಬೆರಳುಗಳ ಸಂದಿಯಲ್ಲಿ ಹೊಳೆಯುವ ಬೆಳಕಿಗೆ ಯಾವ ಬಣ್ಣ ಹಚ್ಚಿದ್ದಾರೆ?' ಎಂದು ಮಕ್ಕಳನ್ನು ಕೇಳಿ. ಜಲವರ್ಣದಲ್ಲಿ ಬೆಳಕೆಂದರೆ ಬಹುಮಟ್ಟಿಗೆ ಬಣ್ಣ ಹಚ್ಚದೆ ಉಳಿಸಿಕೊಂಡ ಕಾಗದ ಎಂಬುದನ್ನು ಅವರೇ ಕಂಡುಕೊಳ್ಳಲು ಸ್ವಲ್ಪ ಹೊತ್ತು ಹಿಡಿಯುತ್ತದೆ. ಅಷ್ಟು ಹೊತ್ತು ನೀವು ಸುಮ್ಮನಿರಬೇಕು. ಮೇಷ್ಟ್ರುಗಳಿಗೆ ಅದೇ ಕಷ್ಟ.

ಪ್ರಶ್ನೆ: ಫೋಟೋ ನೋಡಿ ಚಿತ್ರ ಬರೆಯುವವರನ್ನು ಚಿತ್ರಕಾರರೆನ್ನಬಹುದೇ?
(ಓದುಗರು, ಕೆ.ಆರ್. ಪೇಟೆ)

ಉತ್ತರ: ಮೈಸೂರು ಅರಮನೆಯ ಕಲ್ಯಾಣ ಮಂಟಪದ ಗೋಡೆಗಳ ಮೇಲೆ ದಸರಾ ಮೆರವಣಿಗೆಯ 26 ಚಿತ್ರಗಳಿವೆ. ಅರಮನೆಯ ಕಲಾವಿದರು 1934ರಿಂದ 1945ರವರೆಗೆ ಅವುಗಳನ್ನು ಬರೆದದ್ದು ಫೋಟೋಗಳ ಆಧಾರದ ಮೇಲೆಯೇ. ಆದರೆ ಆ ಕಾಲದ ಫೋಟೋಗಳು ಕಪ್ಪು ಬಿಳುಪಿನವು. ಆನೆಯ ಜೂಲಿನ ಕೆಂಪು, ರುಮಾಲುಗಳ ಜರಿ, ಸಂಜೆಯ ಧೂಳಿನ ಬಣ್ಣ, ಇವೆಲ್ಲ ಮೆರವಣಿಗೆಯನ್ನು ಕಣ್ಣಾರೆ ಕಂಡವರ ನೆನಪಿನಿಂದ ಬಂದವು. ಫೋಟೋದಲ್ಲಿ ಇಲ್ಲದ್ದನ್ನು ಕಂಡು ಬರೆಯಬಲ್ಲವರು ಫೋಟೋ ಇಟ್ಟುಕೊಂಡರೆ ತಪ್ಪಿಲ್ಲ.

ಪ್ರಶ್ನೆ: ನಾನು ಚಿತ್ರಕಲಾವಿದ. ಪತ್ರಿಕೆಯೊಂದಕ್ಕೆ ಪ್ರದರ್ಶನಗಳ ವಿಮರ್ಶೆ ಬರೆಯಲು ಕೇಳಿದ್ದಾರೆ. ಊರು ಚಿಕ್ಕದು, ಎಲ್ಲರೂ ಪರಿಚಿತರು. ಬರೆಯಲೇ?
(ಸರಸ್ವತಿಪುರಂ, ಮೈಸೂರು)

ಉತ್ತರ: ಬರೆಯಿರಿ, ಆದರೆ ಕೆಲವು ಕಟ್ಟುಪಾಡುಗಳನ್ನು ಮೊದಲೇ ಸಂಪಾದಕರಿಗೆ ತಿಳಿಸಿಬಿಡಿ. ನಿಮ್ಮ ಶಿಷ್ಯರ ಪ್ರದರ್ಶನವನ್ನು ನೀವು ವಿಮರ್ಶಿಸಬಾರದು. ನಾಳೆ ನಿಮ್ಮ ಪ್ರದರ್ಶನದ ಬಗ್ಗೆ ಬರೆಯಬಹುದಾದವರ ಪ್ರದರ್ಶನವನ್ನೂ ವಿಮರ್ಶಿಸಬಾರದು. ಚಿತ್ರವನ್ನು ಉಡುಗೊರೆಯಾಗಿ ಒಪ್ಪಿಕೊಳ್ಳಬಾರದು. ಹೀಗೆ ಕಳೆಯುತ್ತ ಹೋದರೆ ಮೈಸೂರಿನಲ್ಲಿ ಉಳಿಯುವವರು ಬಹಳ ಮಂದಿಯಲ್ಲ ಎಂಬುದು ನನಗೂ ಗೊತ್ತು. ಆಗ ನಮ್ಮ ಮೈಸೂರಿನ ಕಲಾಮಂದಿರದ ಸುಚಿತ್ರಾ ಗ್ಯಾಲರಿಗೆ ಹೊರ ಊರಿನವರ ಚಿತ್ರಗಳು ಬಂದಾಗ ಬರೆಯಿರಿ. ಇಲ್ಲವೇ ಸತ್ತವರ ಬಗ್ಗೆ ಬರೆಯಿರಿ, ಅವರ ಬಗ್ಗೆ ಕನ್ನಡದಲ್ಲಿ ಬರೆಯಬೇಕಾದದ್ದು ಇನ್ನೂ ಬೇಕಾದಷ್ಟಿದೆ. ನಿಮ್ಮ ಸ್ವಂತ ಚಿತ್ರಗಳ ಅರ್ಥವನ್ನು ವಿವರಿಸುವ ಲೇಖನಗಳನ್ನು ಮಾತ್ರ ಬರೆಯಬೇಡಿ.

ಪ್ರಶ್ನೆ: ಚಿತ್ರಕಾರರು ದಿನಚರಿ ಬರೆಯಬೇಕೆಂದು ನೀವು ಹಿಂದೊಮ್ಮೆ ಇದೇ ಅಂಕಣದಲ್ಲಿ ಹೇಳಿದ್ದಿರಿ. ಅದರಲ್ಲಿ ಏನು ಬರೆಯಬೇಕು?
(ಓದುಗರು, ಪಾಂಡವಪುರ)

ಉತ್ತರ: ವೆಂಕಟಪ್ಪನವರು ದಿನಚರಿ ಇಡುತ್ತಿದ್ದರು. ತರಗತಿ ಕಟ್ಟಿಕೊಂಡು ಪಾಠ ಹೇಳಿದವರಲ್ಲ. ವೀಣೆ ಶೇಷಣ್ಣನವರಲ್ಲಿ ವೀಣೆ ಕಲಿತ, ಮದುವೆಯಾಗದೆ ಉಳಿದ, ಮುಂಗೋಪಿಯೆಂದು ಹೆಸರಾದ ಒಂಟಿ ಮನುಷ್ಯ. ಆದರೂ ದಿನದ ಕೆಲಸವನ್ನು ಬರೆದಿಡುವ ಶಿಸ್ತು ಅವರಲ್ಲಿತ್ತು, ಆದ್ದರಿಂದ ಇಂದು ಅವರ ಬಗ್ಗೆ ಬರೆಯುವವರಿಗೆ ಹಿಡಿಯಲು ಒಂದು ಆಧಾರ ಸಿಕ್ಕಿತು. ನಿಮ್ಮ ದಿನಚರಿಯಲ್ಲಿ ಭಾವನೆಗಳಿಗೆ ಒಂದು ಸಾಲು ಸಾಕು. ಕಾಗದ ಯಾವುದು, ಯಾವ ಬಣ್ಣಕ್ಕೆ ಯಾವುದು ಬೆರೆಯಿತು, ಮೊದಲ ವಾಶ್ ಒಣಗಲು ಎಷ್ಟು ಹೊತ್ತಾಯಿತು, ಮೋಡ ಇತ್ತೇ, ಎಲ್ಲಿ ಕೈ ತಡೆಯಿತು, ಇವನ್ನು ಬರೆಯಿರಿ.

ಬರೆಯುವ ಈ ಅಭ್ಯಾಸ ಎಷ್ಟು ದೂರ ಜೊತೆಗೆ ಬರುತ್ತದೆಂಬುದಕ್ಕೆ ಶಾಂತಿನಿಕೇತನದ ಚಿತ್ರಕಾರ ವಿನೋದವಿಹಾರಿ ಮುಖರ್ಜಿಯವರನ್ನು ನೋಡಬೇಕು. 1957ರಲ್ಲಿ ಶಸ್ತ್ರಚಿಕಿತ್ಸೆಯ ನಂತರ ಅವರ ದೃಷ್ಟಿ ಪೂರ್ತಿ ಹೋಯಿತು. ಅವರು ಪಾಠ ಹೇಳುವುದನ್ನು ಬಿಡಲಿಲ್ಲ. ಕಾಗದ ಕತ್ತರಿಸಿ ಚಿತ್ರ ಮಾಡುವುದನ್ನು ಬಿಡಲಿಲ್ಲ. ಕಲೆಯ ಬಗ್ಗೆ, ತಮ್ಮ ಬದುಕಿನ ಬಗ್ಗೆ ಬಂಗಾಳಿಯಲ್ಲಿ ಬರೆದರು. ನಮ್ಮಲ್ಲಿ ಪಿ.ಆರ್. ತಿಪ್ಪೇಸ್ವಾಮಿಯವರು ಇನ್ನೊಂದು ಬಗೆ. ಚಿತ್ರದುರ್ಗ ಸೀಮೆಯಿಂದ ಬಂದು ಮೈಸೂರಿನಲ್ಲಿ ನೆಲೆಸಿದ ಈ ಚಿತ್ರಕಾರರು, ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯಕ್ಕಾಗಿ ಹಳ್ಳಿಹಳ್ಳಿ ಅಲೆದು ವಸ್ತುಗಳನ್ನು ಕೂಡಿಹಾಕಿದವರಲ್ಲಿ ಒಬ್ಬರು. ಮಾನಸಗಂಗೋತ್ರಿಯ ಜಯಲಕ್ಷ್ಮೀ ವಿಲಾಸಕ್ಕೆ ಹೋದಾಗ ಅಲ್ಲಿನ ಗೊಂಬೆ, ಮುಖವಾಡ, ಒನಕೆ, ಕೊಳಗಗಳನ್ನು ಚಿತ್ರಕಾರನೊಬ್ಬನ ಕಣ್ಣು ಆರಿಸಿದ್ದೆಂಬ ನೆನಪಿನಿಂದ ನೋಡಿ.

ಪ್ರಶ್ನೆ: ತಂದೆಯವರು ಬರೆದ ಜಲವರ್ಣ ಚಿತ್ರಗಳಿಗೆ ಮಳೆಗಾಲದಲ್ಲಿ ಕಂದು ಚುಕ್ಕೆಗಳು ಬಿದ್ದಿವೆ. ಏನು ಮಾಡಲಿ?
(ಚಾಮರಾಜಪುರಂ, ಮೈಸೂರು)

ಉತ್ತರ: ಬೂಷ್ಟು ಹಿಡಿದಿದೆ. ನೀವಾಗಿ ಒರೆಸಲು, ಬಿಸಿಲಿಗೆ ಹಾಕಲು ಹೋಗಬೇಡಿ. ಎರಡರಿಂದಲೂ ಬಣ್ಣ ಹೋಗುತ್ತದೆ. ಮೊದಲು ಚೌಕಟ್ಟಿನಿಂದ ಬಿಡಿಸಿ, ಒಣಗಿದ ಕೋಣೆಯಲ್ಲಿ ಫ್ಯಾನಿನ ನೇರ ಗಾಳಿ ತಾಗದಂತೆ ಹರಡಿ ಇಡಿ. ಮತ್ತೆ ಚೌಕಟ್ಟು ಹಾಕಿಸುವಾಗ ಗಾಜು ಚಿತ್ರಕ್ಕೆ ತಾಗದಂತೆ ನಡುವೆ ಮೌಂಟ್, ಎಂದರೆ ಚಿತ್ರದ ಸುತ್ತ ಕೂರುವ ರಟ್ಟಿನ ಅಂಚು ಇರಲಿ, ಹಿಂದಿನ ರಟ್ಟು ಆಮ್ಲರಹಿತವಾಗಿರಲಿ, ಮತ್ತು ಹೊರಗೋಡೆಗೆ ತೂಗುಹಾಕದೆ ಒಳಗೋಡೆಗೆ ಹಾಕಿ; ಹಿಂಬದಿಯ ಕೆಳಮೂಲೆಗಳಿಗೆ ಬಿರಡೆಯ ಚೂರುಗಳನ್ನು ಅಂಟಿಸಿದರೆ ಗೋಡೆಗೂ ಚೌಕಟ್ಟಿಗೂ ನಡುವೆ ಗಾಳಿಯಾಡುತ್ತದೆ. ಬಿದ್ದಿರುವ ಚುಕ್ಕೆಗಳನ್ನು ತೆಗೆಯುವುದು ಕಾಗದ ಸಂರಕ್ಷಣೆ ಬಲ್ಲವರ ಕೆಲಸ, ಚೌಕಟ್ಟಿನ ಅಂಗಡಿಯವರದಲ್ಲ. ಅವರ ಬಳಿಗೆ ಒಯ್ಯುವ ಮೊದಲು ಪ್ರತಿಯೊಂದು ಚಿತ್ರದ ಹಿಂದೆ ತಂದೆಯವರು ಏನಾದರೂ ಬರೆದಿದ್ದಾರೆಯೇ ನೋಡಿ, ಇದ್ದರೆ ಅದನ್ನೂ ಫೋಟೋ ತೆಗೆದಿಟ್ಟುಕೊಳ್ಳಿ.